ಬುಡದಿಂದ ಎಷ್ಟು ದೂರ?

ಏಪ್ರಿಲ್ ಕೊನೆಗೋ ಮೇ ಮೊದಲಿಗೋ ಬೆಂಗಳೂರಿನಲ್ಲಿ ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಪತ್ರಿಕೆಗಳಲ್ಲಿ ಒಂದು ಚಿತ್ರ ತಪ್ಪದೆ ಬರುತ್ತದೆ: ಕಾರಿನ ಮೇಲೆ ಒರಗಿದ ಮರ, ಪಕ್ಕದಲ್ಲಿ ಕೊಡೆ ಹಿಡಿದು ನಿಂತ ಜನ. ಶೀರ್ಷಿಕೆಯೂ ಬಹುತೇಕ ಅದೇ, ‘ಗಾಳಿ–ಮಳೆಗೆ ಧರೆಗುರುಳಿದ ಮರಗಳು’. ಎಲ್ಲರ ಕಣ್ಣು ಹೋಗುವುದು ಜಜ್ಜಿಹೋದ ಕಾರಿನ ಕಡೆಗೆ. ನೋಡಬೇಕಾದದ್ದು ಮೇಲೆದ್ದ ಬುಡವನ್ನು. ಎಷ್ಟೋ ಸಲ ಅದರ ಒಂದು ಮಗ್ಗುಲಲ್ಲಿ ಬೇರೇ ಇರುವುದಿಲ್ಲ. ಚರಂಡಿ ಗೋಡೆಯ ನೇರಕ್ಕೆ ಸವರಿದ ಹಾಗೆ ಚಪ್ಪಟೆಯಾಗಿರುತ್ತದೆ. ತುಂಡಾದ ಬೇರಿನ ತುದಿ ಕಪ್ಪಾಗಿ, ಬೆರಳಿಟ್ಟರೆ ಪುಡಿಯಾಗುವಷ್ಟು ಕೊಳೆತಿರುತ್ತದೆ. ಆ ಮರವನ್ನು ಕೊಂದದ್ದು ನಿನ್ನೆಯ ಮಳೆಯಲ್ಲ, ಕೆಲವು ವರ್ಷಗಳ ಹಿಂದಿನ ಕಾಮಗಾರಿ. ಮಳೆ ಬಂದು ಅದನ್ನು ನೆಲಕ್ಕೆ ಮಲಗಿಸಿತು, ಅಷ್ಟೆ.

ನಮ್ಮಲ್ಲಿ ಮರ ಉಳಿಸುವ ಮಾತೆಲ್ಲ ಗರಗಸವನ್ನೇ ಸುತ್ತುತ್ತದೆ. ಅದಕ್ಕೆ ಕಾರಣವೂ ಇದೆ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿ.ಮೀ. ಉದ್ದದ ಉಕ್ಕಿನ ಮೇಲ್ಸೇತುವೆಗಾಗಿ 812 ಮರ ಹೋಗುತ್ತವೆಂದು ತಿಳಿದಾಗ ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ಕೈಕೈ ಹಿಡಿದು ರಸ್ತೆಯುದ್ದಕ್ಕೂ ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಮುಂಬೈಯ ಆರೆಯಲ್ಲಿ 2019ರ ಅಕ್ಟೋಬರ್‌ನಲ್ಲಿ ಹೈಕೋರ್ಟ್ ಮರ ಕಡಿತದ ವಿರುದ್ಧದ ಅರ್ಜಿಗಳನ್ನು ವಜಾ ಮಾಡಿದ ರಾತ್ರಿಯೇ ಕೆಲಸ ಶುರುವಾಗಿ ಎರಡು ಸಾವಿರಕ್ಕೂ ಹೆಚ್ಚು ಮರಗಳು ಉರುಳಿದವು. ಮೈಸೂರಿನ ಹೈದರಾಲಿ ರಸ್ತೆಯಲ್ಲಿ 2025ರ ಏಪ್ರಿಲ್‌ನಲ್ಲಿ 40 ಮರ ಕಡಿದಾಗ ನಾಗರಿಕರು ಬೀದಿಗಿಳಿದರು. ಕಡಿಯುವ ಮರಕ್ಕೆ ಒಂದು ಸಂಖ್ಯೆ ಇರುತ್ತದೆ, ಅರ್ಜಿ ಇರುತ್ತದೆ, ಫೋಟೊ ಇರುತ್ತದೆ. ಕಾಮಗಾರಿಯ ವರದಿಯ ಇನ್ನೊಂದು ಕಲಮಿನಲ್ಲಿ ‘ಉಳಿಸಿಕೊಂಡ ಮರಗಳು’ ಎಂದು ಬರೆದಿರುತ್ತಾರಲ್ಲ, ಅವು ಐದು ವರ್ಷದ ಮೇಲೆ ಏನಾದವು ಎಂದು ನೋಡಲು ಯಾರೂ ಹೋಗುವುದಿಲ್ಲ. ಕಡಿದ ಮರಗಳಿಗಿಂತ ಹೀಗೆ ಉಳಿಸಿಕೊಂಡೇ ಕೊಂದ ಮರಗಳ ವಿಚಾರವೇ ಈಗ ಹೆಚ್ಚು ಮುಖ್ಯ ಎಂದು ನನಗನ್ನಿಸುತ್ತದೆ.

ಇದು ಅರ್ಥವಾಗಬೇಕಾದರೆ ನೆಲದೊಳಗೆ ನೋಡಬೇಕು. ಮರ ಮೇಲೆ ಎಷ್ಟು ಎತ್ತರವೋ ಬೇರು ಕೆಳಗೆ ಅಷ್ಟೇ ಆಳ ಎಂದು ಶಾಲೆಯ ಚಿತ್ರಗಳಿಂದ ನಮಗೆಲ್ಲ ಒಂದು ನಂಬಿಕೆ ಬಂದಿದೆ. ವಾಸ್ತವದಲ್ಲಿ ಹೆಚ್ಚಿನ ಮರಗಳ ಬೇರಿನ ಬಹುಪಾಲು ಮೇಲಿನ ಎರಡು–ಮೂರು ಅಡಿ ಮಣ್ಣಿನಲ್ಲೇ ಇರುತ್ತದೆ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು, ಆಳಕ್ಕೆ ಹೋದಂತೆ ಗಾಳಿ ಸಿಗುವುದಿಲ್ಲ. ಆದ್ದರಿಂದ ಬೇರು ಇಳಿಯುವುದಕ್ಕಿಂತ ಹರಡುವುದೇ ಹೆಚ್ಚು, ಅದೂ ಕೊಂಬೆಗಳ ನೆರಳು ದಾಟಿ ಎಷ್ಟೋ ದೂರ. ಬುಡದ ಸುತ್ತ ಎರಡು–ಮೂರು ಮೀಟರಿನೊಳಗಿನ ದಪ್ಪ ಬೇರುಗಳು ಮರವನ್ನು ನಿಲ್ಲಿಸುತ್ತವೆ. ಅದರಾಚೆಗಿನ ಕೂದಲಿನಷ್ಟು ತೆಳುವಾದ ಬೇರುಗಳು ಅದಕ್ಕೆ ನೀರು, ಗೊಬ್ಬರ ಒದಗಿಸುತ್ತವೆ. ಒಳಗಿನವು ಹೋದರೆ ಮರ ಬೀಳುತ್ತದೆ. ಹೊರಗಿನವು ಹೋದರೆ ಒಣಗುತ್ತದೆ. ಒಣಗಲು ಅದಕ್ಕೆ ಆತುರವಿಲ್ಲ. ಕೂಡಿಟ್ಟ ಪಿಷ್ಟವನ್ನು ಕರಗಿಸುತ್ತ ಮೂರು ವರ್ಷ, ಐದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಹಸಿರಾಗಿಯೇ ಇರುತ್ತದೆ. ಅಷ್ಟರೊಳಗೆ ಗುತ್ತಿಗೆದಾರ ಬಿಲ್ಲು ಪಡೆದಿರುತ್ತಾನೆ, ಎಂಜಿನಿಯರ್‌ಗೆ ವರ್ಗವಾಗಿರುತ್ತದೆ.

ಬೇರು ಕತ್ತರಿಸುವುದು ಕಣ್ಣಿಗೆ ಕಾಣುವ ಹಾನಿ. ಕಾಣದ್ದು ಮಣ್ಣು ಗಟ್ಟಿಯಾಗುವುದು. ಒಳ್ಳೆಯ ಮಣ್ಣಿನಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜಾಗ ಖಾಲಿ ಇರುತ್ತದೆ; ಗಾಳಿ, ನೀರು ಓಡಾಡುವುದು ಆ ಸಂದುಗಳಲ್ಲಿ. ಜಲ್ಲಿ ತುಂಬಿದ ಒಂದು ಟಿಪ್ಪರ್ ಮರದ ಕೆಳಗೆ ಹಿಂದೆ–ಮುಂದೆ ಆಡಿದರೆ ಆ ಸಂದುಗಳು ಮುಚ್ಚಿಹೋಗುತ್ತವೆ. ಹಾನಿಯ ಬಹುಪಾಲು ಮೊದಲ ಕೆಲವು ಓಡಾಟಗಳಲ್ಲೇ ಆಗಿಬಿಡುತ್ತದೆ, ಆದ್ದರಿಂದ ‘ಒಂದೆರಡು ದಿನ ತಾನೆ’ ಎಂಬ ಸಮಾಧಾನಕ್ಕೆ ಅರ್ಥವಿಲ್ಲ. ಹೀಗೆ ಗಟ್ಟಿಯಾದ ಮಣ್ಣು ವರ್ಷಗಟ್ಟಲೆ ಸಡಿಲವಾಗುವುದಿಲ್ಲ. ಮಳೆ ನೀರು ಅದರ ಮೇಲೆ ಹರಿದುಹೋಗುತ್ತದೆಯೇ ಹೊರತು ಇಂಗುವುದಿಲ್ಲ. ರಸ್ತೆ ಎತ್ತರಿಸಿ ಬುಡಕ್ಕೆ ಮಣ್ಣು ತುಂಬಿದರೂ ಫಲ ಇದೇ. ಜೊತೆಗೆ ಕಾಂಡದ ಬುಡದ ತೊಗಟೆ ಸದಾ ಒದ್ದೆಯಾಗಿದ್ದು ಕೊಳೆಯುತ್ತದೆ.

ಯಾವುದೇ ಬಡಾವಣೆಯಲ್ಲಿ 30×40ರ ಸೈಟೊಂದರಲ್ಲಿ ಮನೆ ಕಟ್ಟುವುದನ್ನು ಒಂದಷ್ಟು ದಿನ ಗಮನಿಸಿದರೆ ಇದೆಲ್ಲ ಎದುರಿಗೇ ನಡೆಯುತ್ತದೆ. ಸೈಟಿನೊಳಗೆ ಪಾಯ ತೋಡಿರುವುದರಿಂದ ಸಾಮಾನು ಇಳಿಸಲು ಜಾಗವಿಲ್ಲ. ಎಂ–ಸ್ಯಾಂಡ್, ಜಲ್ಲಿ, ಸೈಜುಗಲ್ಲು, ಸಾಲಿಡ್ ಬ್ಲಾಕು ಎಲ್ಲ ಬಂದು ಬೀಳುವುದು ಫುಟ್‌ಪಾತಿನ ಹೊಂಗೆ ಮರದ ಬುಡಕ್ಕೆ. ನೆರಳಿದೆಯೆಂದು ಕಬ್ಬಿಣ ಬಗ್ಗಿಸುವವರ ಮಣೆ ಅಲ್ಲೇ. ಸಂಜೆ ಬಾಂಡ್ಲಿ, ಸಲಿಕೆ, ಮಿಕ್ಸರ್ ತೊಳೆದ ಸಿಮೆಂಟ್ ನೀರು ಇಂಗುವುದೂ ಅಲ್ಲೇ. ಅದು ಕ್ಷಾರ, ಮಣ್ಣಿನ ಗುಣವನ್ನೇ ಕೆಡಿಸುತ್ತದೆ. ತಾತ್ಕಾಲಿಕ ಮೀಟರಿನ ಹಲಗೆಗೆ ಎರಡು ಮೊಳೆ, ಬಲ್ಬಿಗೆ ಒಂದು. ಸಂಪು ತೋಡುವಾಗ ಜೆಸಿಬಿಯ ಹಲ್ಲಿಗೆ ಸಿಕ್ಕ ಬೇರು ಕತ್ತರಿಸಿಹೋಗುವುದಿಲ್ಲ, ಸೀಳಿಕೊಂಡು ಬುಡದವರೆಗೆ ಸುಲಿದುಬರುತ್ತದೆ. ಗೃಹಪ್ರವೇಶಕ್ಕೆ ವಾರ ಇರುವಾಗ ಗೇಟಿನ ಮುಂದೆ ರ‍್ಯಾಂಪು ಆಗಬೇಕು. ಕಾಂಕ್ರೀಟು ಮರದ ಕಾಂಡಕ್ಕೇ ತಾಗಿ ನಿಲ್ಲುತ್ತದೆ. ಮೇಸ್ತ್ರಿಯನ್ನು ಕೇಳಿ ನೋಡಿ: ‘ಮರ ಮುಟ್ಟಿಲ್ಲ ಸಾರ್, ಒಂದು ಕೊಂಬೇನೂ ಕಡಿದಿಲ್ಲ’ ಅನ್ನುತ್ತಾನೆ. ಅವನು ಹೇಳುವುದು ಅಪ್ಪಟ ನಿಜ. ನಮ್ಮ ವ್ಯವಸ್ಥೆ ಅವನನ್ನು ಕೇಳುವುದೂ ಅಷ್ಟನ್ನೇ.

ಬೇರೆ ದೇಶಗಳು ಕೇಳುವ ಪ್ರಶ್ನೆ ಬೇರೆ: ಬುಡದಿಂದ ಎಷ್ಟು ದೂರದಲ್ಲಿ ಅಗೆಯುತ್ತೀರಿ? ಬ್ರಿಟನ್ನಿನ ಬಿಎಸ್ 5837 ಎಂಬ ಮಾನದಂಡ 1980ರಲ್ಲೇ ಬಂದದ್ದು. ಬಹುಕಾಲ ಬಳಕೆಯಲ್ಲಿರುವ ಅದರ ರೂಪ 2012ರದು. ನಕ್ಷೆ ಬರೆಯುವ ಮೊದಲೇ ನಿವೇಶನದ ಮರಗಳನ್ನು ಅಳೆದು ದರ್ಜೆ ಹಾಕಬೇಕು, ಉಳಿಸುವ ಪ್ರತಿ ಮರಕ್ಕೂ ಬೇರಿನ ರಕ್ಷಣಾ ವಲಯ ಗುರುತಿಸಬೇಕು ಎನ್ನುತ್ತದೆ ಅದು. ಎದೆಮಟ್ಟದಲ್ಲಿ ಕಾಂಡದ ವ್ಯಾಸ ಎಷ್ಟೋ ಅದರ ಹನ್ನೆರಡು ಪಟ್ಟು ಆ ವಲಯದ ತ್ರಿಜ್ಯ, ಹೆಚ್ಚೆಂದರೆ 15 ಮೀಟರ್. ಆಸ್ಟ್ರೇಲಿಯದ 2009ರ ಮಾನದಂಡದಲ್ಲೂ ಇದೇ ಹನ್ನೆರಡು ಪಟ್ಟು. ಜರ್ಮನಿಯ ನಿಯಮ ಇನ್ನೂ ಸರಳ: ಕೊಂಬೆಗಳ ಅಂಚಿನಿಂದ ಆಚೆಗೆ ಇನ್ನೂ ಒಂದೂವರೆ ಮೀಟರ್. ವಲಯದ ಸುತ್ತ ಕೆಲಸ ಶುರುವಾಗುವ ಮೊದಲೇ ಗಟ್ಟಿ ಬೇಲಿ ಬೀಳಬೇಕು, ಕೆಲಸ ಮುಗಿಯುವವರೆಗೆ ಅದು ಕದಲಬಾರದು. ಒಳಗೆ ಸಾಮಾನು ಇಡುವಂತಿಲ್ಲ, ಗಾಡಿ ನಿಲ್ಲಿಸುವಂತಿಲ್ಲ, ಅಗೆಯಲೇಬೇಕಾದರೆ ಯಂತ್ರ ಬಳಸದೆ ಕೈಯಲ್ಲೇ ಅಗೆಯಬೇಕು, 25 ಮಿ.ಮೀ.ಗಿಂತ ದಪ್ಪ ಬೇರು ಸಿಕ್ಕರೆ ತಜ್ಞರನ್ನು ಕೇಳದೆ ಕತ್ತರಿಸುವಂತಿಲ್ಲ.

ಈ ಲೆಕ್ಕವನ್ನು ನಮ್ಮ ಬೀದಿಗೆ ತಂದು ನೋಡೋಣ. ಅಳತೆ ಟೇಪನ್ನು ಕಾಂಡದ ಸುತ್ತ ಹಿಡಿದಾಗ 1.9 ಮೀಟರ್ ಬರುವ ಮಳೆಮರದ ವ್ಯಾಸ ಸುಮಾರು 60 ಸೆಂ.ಮೀ. ಅದರ ರಕ್ಷಣಾ ವಲಯದ ತ್ರಿಜ್ಯ 7.2 ಮೀಟರ್, ವಿಸ್ತೀರ್ಣ ಹೆಚ್ಚುಕಡಿಮೆ 163 ಚದರ ಮೀಟರ್. ನಮ್ಮ 30×40 ಸೈಟಿನ ವಿಸ್ತೀರ್ಣ 111 ಚದರ ಮೀಟರ್ ಚಿಲ್ಲರೆ. ಸಾಧಾರಣ ಗಾತ್ರದ ಒಂದು ಬೀದಿಮರಕ್ಕೆ ಒಂದೂವರೆ ಸೈಟಿನಷ್ಟು ನೆಲ ಬೇಕು ಎಂದಾಯಿತು. ನಾವು ಕೊಡುವುದು ಬುಡದ ಸುತ್ತ ಎರಡಡಿ ಚೌಕ, ಅದರೊಳಗೂ ಗುಟ್ಕಾ ಪೊಟ್ಟಣ.

ಇಲ್ಲಿ ಒಂದು ಆಕ್ಷೇಪ ಬಂದೇ ಬರುತ್ತದೆ: ಒಂಬತ್ತು ಮೀಟರ್ ಅಗಲದ ರಸ್ತೆಯಲ್ಲಿ ಏಳು ಮೀಟರ್ ಎಲ್ಲಿಂದ ತರೋಣ? ಬ್ರಿಟನ್ನಿನ ನಿಯಮವನ್ನು ಮಲ್ಲೇಶ್ವರಕ್ಕೆ ಅನಾಮತ್ತಾಗಿ ಎತ್ತಿ ಇಡಲಾಗದು, ಒಪ್ಪೋಣ. ರಸ್ತೆಯ ಕೆಳಗೆ ಆಗಲೇ ಒಳಚರಂಡಿ, ಕಾವೇರಿ ಪೈಪು, ಕೇಬಲ್ಲು ಎಲ್ಲ ಇವೆ. ಬೀದಿಮರ ಆ ಇಕ್ಕಟ್ಟಿನಲ್ಲೇ ಬೆಳೆದದ್ದು. ಆದರೂ ಆ ಸಂಖ್ಯೆ ಕಾಗದದ ಮೇಲೆ ಇದ್ದರೆ ಎಂಜಿನಿಯರ್ ಅದನ್ನು ದಾಟುವ ಮುನ್ನ ಏನಾದರೂ ಉಪಾಯ ಹುಡುಕಬೇಕಾಗುತ್ತದೆ, ಉಪಾಯಗಳೂ ಇವೆ. ಬೇರಿನ ಬಹುಪಾಲು ಮೇಲಿನ ಮೂರಡಿಯಲ್ಲಿರುವಾಗ ಕೊಳವೆಯನ್ನು ಅದರ ಕೆಳಗೆ ಅಡ್ಡ ಕೊರೆದು ತೂರಿಸಬಹುದು. ಇಂಟರ್ನೆಟ್ ಕೇಬಲ್ ಎಳೆಯುವವರು ಟಾರು ಒಡೆಯದೆ ಹೀಗೆ ಕೊರೆಯುವುದನ್ನು ಬೆಂಗಳೂರಿನವರು ನೋಡೇ ಇದ್ದಾರೆ. ಟಾರು ಉಳಿಸಲು ಬರುವ ಯಂತ್ರ ಬೇರು ಉಳಿಸಲು ಯಾಕೆ ಬರಬಾರದು? ಚರಂಡಿಯನ್ನು ಮರದ ಹತ್ತಿರ ಒಂದು ಅಡಿ ಬಳಸಿಕೊಂಡು ಒಯ್ಯಬಹುದು. ಫುಟ್‌ಪಾತಿನ ಕಲ್ಲನ್ನು ಕಾಂಕ್ರೀಟ್ ಹಾಸಿನ ಬದಲು ಮರಳಿನ ಮೇಲೆ ಕೂರಿಸಬಹುದು. ಕೆಲಸ ನಡೆಯುವಷ್ಟು ದಿನ ನಾಲ್ಕು ಸರ್ವೆ ಕಂಬ ನೆಟ್ಟು ಹಳೆಯ ತಗಡಿನ ಶೀಟು ಕಟ್ಟಿದರೂ ಬೇಲಿಯೇ. ಬೇರು ಕತ್ತರಿಸಲೇಬೇಕಾದಲ್ಲಿ ಮೊದಲು ಗುದ್ದಲಿಯಿಂದ ಬಿಡಿಸಿ, ಕೈಗರಗಸದಲ್ಲಿ ನುಣ್ಣಗೆ ಕೊಯ್ದು, ಒಣಗುವ ಮುನ್ನ ಮಣ್ಣು ಮುಚ್ಚಿದರೆ ಗಾಯ ಮಾಯುವ ಸಾಧ್ಯತೆ ಹೆಚ್ಚು. ಇದಕ್ಕೆ ಹಿಡಿಯುವುದು ಇಬ್ಬರ ಅರ್ಧ ದಿನದ ಕೂಲಿ.

ಕಾನೂನಿನ ಕಡೆ ತಿರುಗಿದರೆ ಅಲ್ಲಿಯೂ ಗರಗಸದ್ದೇ ರಾಜ್ಯ. ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ 1976ರದು. ಆ ಕಾಲಕ್ಕೆ ಅದು ಮುಂದಾಲೋಚನೆಯ ಕಾನೂನೇ. ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಮರ ಕಡಿಯುವಂತಿಲ್ಲ. ಸಾರ್ವಜನಿಕ ಕೆಲಸಕ್ಕೆ 50ಕ್ಕಿಂತ ಹೆಚ್ಚು ಮರ ಹೋಗುವುದಾದರೆ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕೇಳಬೇಕು ಎಂಬ ನಿಯಮವೂ 2015ರ ತಿದ್ದುಪಡಿಯಲ್ಲಿ ಸೇರಿತು. ಬೆಂಗಳೂರಿನ ಹೋರಾಟಗಳಿಗೆ ಇದು ದೊಡ್ಡ ಆಸರೆಯಾಯಿತು. ಕಾಮಗಾರಿಯನ್ನು ಐವತ್ತರೊಳಗಿನ ತುಂಡುಗಳಾಗಿ ಒಡೆದು ಆಕ್ಷೇಪಣೆ ತಪ್ಪಿಸಿಕೊಳ್ಳುತ್ತಾರೆ ಎಂಬ ದೂರೂ ಬೆನ್ನಿಗೇ ಬಂತು. ಮೆಟ್ರೊ ಮಾರ್ಗದ ಮರಗಳ ವಿಷಯ ಹೈಕೋರ್ಟಿಗೆ ಹೋಗಿ, ತಜ್ಞರ ಸಮಿತಿ ಸ್ಥಳಕ್ಕೆ ಹೋಗಿ ನೋಡಿ ಹೇಳುವ ಪದ್ಧತಿಯೂ ಬಂತು. ಇಷ್ಟಾದರೂ ಇಡೀ ಏರ್ಪಾಡು ನಿಂತಿರುವುದು ‘ಕಡಿಯಲು ಅನುಮತಿ’ ಎಂಬ ಒಂದೇ ಕಾಲಿನ ಮೇಲೆ. ಬುಡದಿಂದ ಎರಡಡಿ ದೂರದಲ್ಲಿ ಆರಡಿ ಆಳದ ಗುಂಡಿ ತೋಡುವ ಜಲಮಂಡಳಿಯಾಗಲಿ ಕೇಬಲ್ ಕಂಪನಿಯಾಗಲಿ ವೃಕ್ಷಾಧಿಕಾರಿಯ ಕಚೇರಿಯ ಮೆಟ್ಟಿಲು ಹತ್ತುವ ರೂಢಿ ಇಲ್ಲ.

ದೆಹಲಿಯ 1994ರ ಕಾಯ್ದೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಮರ ‘ಕಡಿಯುವುದು’ ಎಂಬುದರಲ್ಲಿ ಯಾವುದೇ ಬಗೆಯಲ್ಲಿ ಹಾನಿ ಮಾಡುವುದೂ ಸೇರುತ್ತದೆ ಎಂದು ಅದು ವಿವರಿಸುತ್ತದೆ. ಅದೇ ದೆಹಲಿಯ ಬಗ್ಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರ ಏಪ್ರಿಲ್ 23ರಂದು ಕೊಟ್ಟ ಆದೇಶ ಈಗ ದೇಶದ ಎಲ್ಲ ಊರುಗಳ ಅರ್ಜಿಗಳಲ್ಲೂ ಉಲ್ಲೇಖವಾಗುತ್ತದೆ: ಮರದ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟ್ ಒಡೆದು ತೆಗೆಯಬೇಕು, ಮೊಳೆ, ಫಲಕ, ತಂತಿ ಕೀಳಬೇಕು. ಒಳ್ಳೆಯ ಆದೇಶ. ಆದರೆ ಅದರ ದುರ್ಬಳಕೆಯೂ ಸುಲಭ. ಒಂದು ಮೀಟರ್ ಬಿಟ್ಟರೆ ಸಾಕು, ಆಚೆ ಏನು ಬೇಕಾದರೂ ಮಾಡಬಹುದು ಎಂಬ ಅರ್ಥ ಅದಕ್ಕೆ ಬಂದುಬಿಟ್ಟಿದೆ. ನಮ್ಮ ಮಳೆಮರದ ಏಳು ಮೀಟರಿನಲ್ಲಿ ಇದು ಒಂದು.

ಕಡಿಯುವುದಕ್ಕೆ ಎರಡು ಪರಿಹಾರಗಳು ಸರ್ಕಾರಿ ಕಡತಗಳಲ್ಲಿ ಜನಪ್ರಿಯ. ಒಂದಕ್ಕೆ ಹತ್ತು ಸಸಿ ಎನ್ನುವುದು ಮೊದಲನೆಯದು. ಊರ ನಡುವಿನ ನೆರಳಿಗೆ ಬದಲಾಗಿ ಊರ ಹೊರಗಿನ ಯಾವುದೋ ಗೋಮಾಳದಲ್ಲಿ ಸಸಿ ನೆಟ್ಟರೆ ಬಸ್‌ಸ್ಟಾಪಿನಲ್ಲಿ ನಿಂತವಳಿಗೆ ಏನು ಬಂತು? ಬೆಂಗಳೂರಿನಲ್ಲಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮರಗಳಿರುವ ರಸ್ತೆಯ ಭಾಗಗಳಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣತೆ 5.6 ಡಿಗ್ರಿವರೆಗೆ, ರಸ್ತೆಯ ಮೈಯ ಉಷ್ಣತೆ 27.5 ಡಿಗ್ರಿವರೆಗೆ ಕಡಿಮೆ ಇದ್ದದ್ದು ಕಂಡುಬಂತು. ಈ ಲಾಭ ಸಿಗುವುದು ಮರ ನಿಂತ ಜಾಗದಲ್ಲೇ, ಅದನ್ನು ಬೇರೆ ಕಡೆ ಜಮಾ ಮಾಡಲು ಬರುವುದಿಲ್ಲ.

ಎರಡನೆಯದು ಮರವನ್ನೇ ಕಿತ್ತು ಬೇರೆಡೆ ನೆಡುವುದು. ಕ್ರೇನು ಮರ ಎತ್ತುವ ವಿಡಿಯೊ ಚೆನ್ನಾಗಿ ಬರುತ್ತದೆ. ಆಲ, ಅರಳಿ, ಬಸರಿ, ಅತ್ತಿಯಂಥವು ಕೊಂಬೆ ನೆಟ್ಟರೂ ಚಿಗುರುವ ಜಾತಿಗಳಾದ್ದರಿಂದ ಬದುಕಿಕೊಳ್ಳುತ್ತವೆ. ಉಳಿದವುಗಳ ಭವಿಷ್ಯ ಅನುಮಾನ. ದೆಹಲಿ ಸರ್ಕಾರ 2020ರಲ್ಲಿ ನೀತಿಯನ್ನೇ ರೂಪಿಸಿ, ಯೋಜನೆಗೆ ಅಡ್ಡ ಬರುವ ಮರಗಳಲ್ಲಿ ಶೇ 80ನ್ನು ಸ್ಥಳಾಂತರಿಸಬೇಕು, ಅವುಗಳಲ್ಲಿ ಶೇ 80 ಬದುಕಬೇಕು ಎಂದಿತು. ಎರಡು ವರ್ಷದ ಬಳಿಕ ಅದೇ ಸರ್ಕಾರ ಹೈಕೋರ್ಟಿಗೆ ಕೊಟ್ಟ ಲೆಕ್ಕದ ಪ್ರಕಾರ ಬದುಕಿದ್ದು ಮೂರರಲ್ಲಿ ಒಂದು. ಸ್ಥಳಾಂತರ ಕೊನೆಯ ದಾರಿಯಾಗಿರಲಿ. ಕಡಿಯುವುದಕ್ಕೆ ಮರ್ಯಾದೆಯ ಹೆಸರಾಗುವುದು ಬೇಡ.

ನಿಜವಾಗಿ ಮರ ಉಳಿದಿರುವುದು ನಕ್ಷೆ ಬದಲಾದಲ್ಲಿ. ಬಾಗೇಪಲ್ಲಿ–ಹಲಗೂರು ರಸ್ತೆಯನ್ನು ಅಗಲ ಮಾಡುವಾಗ ಹುಲಿಕಲ್–ಕುದೂರು ನಡುವೆ ಸಾಲುಮರದ ತಿಮ್ಮಕ್ಕ ನೆಟ್ಟು ಬೆಳೆಸಿದ ಆಲಗಳಿಗೆ ಕುತ್ತು ಬಂದದ್ದು 2019ರಲ್ಲಿ. ತಿಮ್ಮಕ್ಕ ಮುಖ್ಯಮಂತ್ರಿಗಳನ್ನು ಕಂಡರು, ಮರ ಕಡಿಯದೆ ಬೇರೆ ದಾರಿ ನೋಡಿ ಎಂಬ ಸೂಚನೆ ಹೋಯಿತು. ಸಂತೋಷ. ಆದರೆ ಪದ್ಮಶ್ರೀ ಪಡೆದ ತಾಯಿ ಮುಖ್ಯಮಂತ್ರಿಗಳವರೆಗೆ ಹೋಗಬೇಕಾಯಿತಲ್ಲ! ಹೆಸರಿಲ್ಲದವರು ನೆಟ್ಟ ಹುಣಸೆಯ ಸಾಲುಗಳಿಗೆ ಯಾರು ಹೋಗುತ್ತಾರೆ?

ಹೈದರಾಬಾದಿನಿಂದ ನಮ್ಮ ವಿಜಯಪುರದ ಕಡೆಗೆ ಬರುವ ಹೆದ್ದಾರಿಯಲ್ಲಿ ಚೇವೆಳ್ಳದ ಸುತ್ತ ಸುಮಾರು 900 ಹಳೆಯ ಆಲದ ಮರಗಳಿವೆ. ಅವುಗಳಿಗಾಗಿ ವರ್ಷಗಟ್ಟಲೆ ಹಸಿರು ನ್ಯಾಯಮಂಡಳಿಯಲ್ಲಿ ವ್ಯಾಜ್ಯ ನಡೆದು, ಕೊನೆಗೆ ಹೆದ್ದಾರಿ ಪ್ರಾಧಿಕಾರ ಬಹುಪಾಲು ಮರಗಳನ್ನು ಇದ್ದಲ್ಲೇ ಉಳಿಸಿಕೊಂಡು ರಸ್ತೆ ಮಾಡಲು ಒಪ್ಪಿತು. 2025ರ ಅಕ್ಟೋಬರ್ ಕೊನೆಗೆ ಕೆಲಸಕ್ಕೆ ದಾರಿ ತೆರೆಯಿತು. ಅದಾದ ಕೆಲವೇ ದಿನಕ್ಕೆ ಅದೇ ಇಕ್ಕಟ್ಟು ರಸ್ತೆಯಲ್ಲಿ ಜಲ್ಲಿ ತುಂಬಿದ ಟಿಪ್ಪರ್ ಬಸ್ಸಿಗೆ ಬಡಿದು ಹತ್ತೊಂಬತ್ತು ಜನ ಸತ್ತರು. ಮರ ಉಳಿಸುವವರು ಈ ಘಟನೆಯಿಂದ ಮುಖ ತಿರುಗಿಸಬಾರದು. ರಸ್ತೆ ಅಗಲವಾಗಬೇಕಿತ್ತು, ಅನುಮಾನವಿಲ್ಲ. ಮರಗಳನ್ನು ನಡುವೆ ಬಿಟ್ಟು ಆಚೆಗೊಂದು ಹೊಸ ದಾರಿ ಹಾಕುವ ನಕ್ಷೆ ಮೊದಲ ದಿನವೇ ಮೇಜಿನ ಮೇಲೆ ಬಂದಿದ್ದರೆ ವ್ಯಾಜ್ಯವೂ ಇರುತ್ತಿರಲಿಲ್ಲ, ಅಷ್ಟು ವರ್ಷ ರಸ್ತೆ ಇಕ್ಕಟ್ಟಾಗಿಯೂ ಉಳಿಯುತ್ತಿರಲಿಲ್ಲ. ಮರಗಳ ಸಮೀಕ್ಷೆ ನಕ್ಷೆಗಿಂತ ಮುಂಚೆ ಆಗಬೇಕು ಎನ್ನುವುದು ಕೇವಲ ಮರಪ್ರೇಮದ ಮಾತಲ್ಲ.

ನಕ್ಷೆಯ ನಂತರ ಬರುವುದು ಟೆಂಡರು. ಮರದ ಹಣೆಬರಹ ಬರೆಯುವುದು ಅಲ್ಲಿ. ಇಂಗ್ಲೆಂಡಿನ ಶೆಫೀಲ್ಡ್ ನಗರದ ಕತೆ ಇದಕ್ಕೆ ಸಾಕ್ಷಿ. ರಸ್ತೆ ನಿರ್ವಹಣೆಯನ್ನು ಖಾಸಗಿ ಕಂಪನಿಗೆ ವಹಿಸಿದ ಆ ನಗರಸಭೆಯ ಕರಾರಿನಲ್ಲಿ 17,500 ಬೀದಿಮರ ಬದಲಿಸುವ ಅಂಕಿ ಇತ್ತು. 2018ರಲ್ಲಿ ಕೆಲಸ ನಿಲ್ಲಿಸುವ ಹೊತ್ತಿಗೆ ಸಾವಿರಾರು ಮರ ಹೋಗಿದ್ದವು, ಬೆಳಗಿನ ಜಾವ ಮರ ಕಡಿಯುವುದಕ್ಕೆ ಅಡ್ಡ ನಿಂತ ವಯಸ್ಸಾದ ಹೆಂಗಸರು ಬಂಧನಕ್ಕೊಳಗಾಗಿದ್ದರು. 2023ರ ವಿಚಾರಣಾ ವರದಿ ನಗರಸಭೆಗೆ ಛೀಮಾರಿ ಹಾಕಿತು. ಬಿಎಸ್ 5837 ಹುಟ್ಟಿದ ದೇಶದಲ್ಲೇ ಕರಾರಿನ ಒಂದು ಸಾಲು ಇಷ್ಟೆಲ್ಲ ಮಾಡಬಲ್ಲದು. ಸಿಂಗಪುರದಲ್ಲಿ ಇದು ತಿರುವುಮುರುವು: 1991ರಿಂದಲೇ ಗೊತ್ತುಪಡಿಸಿದ ವಲಯಗಳಲ್ಲಿ ಒಂದು ಮೀಟರ್ ಸುತ್ತಳತೆ ದಾಟಿದ ಮರವನ್ನು ಖಾಸಗಿ ಜಾಗದಲ್ಲೂ ಹೇಳದೆ ಕೇಳದೆ ಮುಟ್ಟುವಂತಿಲ್ಲವಾದ್ದರಿಂದ ಕಟ್ಟುವವರು ಮೊದಲೇ ಮರದ ಲೆಕ್ಕ ಹಾಕುತ್ತಾರೆ.

ನಮ್ಮ ಅಂದಾಜುಪಟ್ಟಿಗಳಲ್ಲಿ ಮರ ಬರುವುದು ‘ಅಡಚಣೆ ತೆರವು’ ಎಂಬ ಬಾಬಿನಲ್ಲಿ. ಬೇಲಿಗೆ, ಕೈ ಅಗೆತಕ್ಕೆ, ಅಡ್ಡ ಕೊರೆಯುವುದಕ್ಕೆ ಪ್ರತ್ಯೇಕ ದರ ಇಲ್ಲದಿದ್ದರೆ ಗುತ್ತಿಗೆದಾರ ತನ್ನ ಕೈಯಿಂದ ಹಾಕಿ ಯಾಕೆ ಮಾಡುತ್ತಾನೆ? ಮರಕ್ಕೆ ಬೆಲೆ ಕಟ್ಟುವ ಪ್ರಯತ್ನವೇನೋ ನಡೆದಿದೆ. ಪಶ್ಚಿಮ ಬಂಗಾಳದಲ್ಲಿ 356 ಮರ ಕಡಿಯುವ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ ಸಮಿತಿ, ಮರದ ವಯಸ್ಸಿನ ಪ್ರತಿ ವರ್ಷಕ್ಕೆ 74,500 ರೂಪಾಯಿ ಎಂದಿತು. ಅದರಲ್ಲಿ 45,000 ಬರೀ ಆಮ್ಲಜನಕದ ಬಾಬ್ತು. ನೆರಳನ್ನೂ ಇಂಗಿದ ಮಳೆನೀರನ್ನೂ ಮುಂದಿಟ್ಟಿದ್ದರೆ ಲೆಕ್ಕ ಹೆಚ್ಚು ಗಟ್ಟಿಯಾಗಿರುತ್ತಿತ್ತು ಎಂದು ನನ್ನ ಭಾವನೆ. ಕೊನೆಗೆ 2023ರಲ್ಲಿ ಆ ಮರಗಳನ್ನು ಕಡಿಯಲು ಅನುಮತಿ ಸಿಕ್ಕಿತು. ಕೋಟಿ ರೂಪಾಯಿ ಬೆಲೆ ಕಟ್ಟುವುದಕ್ಕಿಂತ ಟೆಂಡರಿನಲ್ಲಿ ಕೆಲವು ಸಾವಿರದ ಒಂದು ಬಾಬು ಸೇರಿಸುವುದು ಮರಕ್ಕೆ ಹೆಚ್ಚು ಉಪಯೋಗ. ಟಾರು ಕಿತ್ತುಹೋದರೆ ಗುತ್ತಿಗೆದಾರನ ಠೇವಣಿಯಿಂದ ಮುರಿದುಕೊಳ್ಳಲು ದೋಷ ಹೊಣೆಗಾರಿಕೆಯ ಅವಧಿ ಇದೆ. ಮರ ಸಾಯಲು ಅದಕ್ಕಿಂತ ಹೆಚ್ಚು ಕಾಲ ಬೇಕು, ಆದ್ದರಿಂದ ಠೇವಣಿಯ ಒಂದು ಪಾಲು ಕನಿಷ್ಠ ಐದು ಮಳೆಗಾಲ ಇಲಾಖೆಯ ಬಳಿ ಉಳಿಯಬೇಕು.

ಇದಕ್ಕೆ ಹೊತ್ತೂ ಮೀರುತ್ತಿದೆ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ 1980ರ ದಶಕದಲ್ಲಿ ಬೆಂಗಳೂರಿನ ಬೀದಿಗಳಲ್ಲಿ ನೆಟ್ಟ ಸಸಿಗಳು ಸುಮಾರು ಹದಿನೈದು ಲಕ್ಷ. ಅವುಗಳಲ್ಲಿ ಬದುಕಿದವಕ್ಕೆ ಈಗ ನಲವತ್ತು ದಾಟಿದೆ. ಕೊಂಬೆ ಹರಡಿ ಪೂರ್ತಿ ನೆರಳು ಕೊಡುವ ವಯಸ್ಸು. ವೈಟ್‌ಟಾಪಿಂಗ್, ಹೊಸ ಚರಂಡಿ, ನೀರಿನ ಹೊಸ ಕೊಳವೆ, ಮೆಟ್ರೊ ಕಂಬಗಳು ಒಟ್ಟೊಟ್ಟಿಗೆ ಅವುಗಳ ಬುಡಕ್ಕೆ ಬಂದಿರುವುದೂ ಈಗಲೇ.

ಎಲ್ಲ ಮರಗಳನ್ನೂ ಉಳಿಸಿಯೇ ತೀರಬೇಕೆಂಬ ಹಟವೂ ಸಲ್ಲದು. ಎರಡೂ ಮಗ್ಗುಲಲ್ಲಿ ಬೇರು ಕಳೆದುಕೊಂಡ ಗುಲ್‌ಮೊಹರ್ ಶಾಲೆಯ ಗೇಟಿನ ಮೇಲೆ ಬಾಗಿ ನಿಂತಿದ್ದರೆ ಅದನ್ನು ಮಳೆಗಾಲಕ್ಕೆ ಮುಂಚೆ ಇಳಿಸುವುದೇ ಸರಿ. ಅದನ್ನು ತಡೆದು, ಮರ ಬಿದ್ದು ಯಾರಾದರೂ ಸತ್ತರೆ ಊರಿನ ಉಳಿದ ಮರಗಳೂ ಜನರ ಕಣ್ಣಿಗೆ ಅಪಾಯವಾಗಿಯೇ ಕಾಣುತ್ತವೆ. ಆದರೆ ತೆಗೆದ ಜಾಗದಲ್ಲಿ ಕಲ್ಲುಹಾಸು ಮುಚ್ಚಿ ಎರಡಡಿ ಗುಂಡಿಯಲ್ಲಿ ಇನ್ನೊಂದು ಸಸಿ ಸಿಕ್ಕಿಸಿದರೆ ಅದೂ ಹದಿನೈದು ವರ್ಷಕ್ಕೆ ಅದೇ ಗತಿಗೆ ಬರುತ್ತದೆ. ಫುಟ್‌ಪಾತಿನ ಕಲ್ಲು ಎದ್ದಿರುವಾಗಲೇ ನಾಲ್ಕೈದು ಮೀಟರ್ ಉದ್ದಕ್ಕೆ ಒಂದು ಮೀಟರ್ ಆಳ ಸಡಿಲ ಮಣ್ಣು ತುಂಬಿ, ಕೇಬಲ್ಲಿನವರಿಗೆ ಆ ಭಾಗ ಬಿಟ್ಟು ಹೋಗಿ ಎಂದು ನಕ್ಷೆಯಲ್ಲಿ ಗುರುತು ಹಾಕಿಡಬೇಕು. ಆ ಕೆಲಸ ವಾರ್ಡಿನ ಸಹಾಯಕ ಎಂಜಿನಿಯರ್ ಕೈಯಲ್ಲೇ ಇದೆ, ಅದಕ್ಕೆ ಹೊಸ ಕಾಯ್ದೆ ಬರುವವರೆಗೆ ಕಾಯಬೇಕಾಗಿಲ್ಲ.